ರೆಕ್ಕೆಯ ಮೇಲಿನ ಹಿಮ

ಡಾಕ್ಟರ್ ಶೇಷಾದ್ರಿಯವರಿಗೆ ವಿಮಾನವೆಂದರೆ ಆಗದು ಎಂಬುದು ಲಂಡನ್ನಿನ ಕಿಂಗ್ಸ್‌ಬರಿಯ ಕನ್ನಡದ ಮನೆಗಳಿಗೆಲ್ಲ ಗೊತ್ತಿತ್ತು. ಯಾಕೆ ಎಂಬುದೂ ಗೊತ್ತಿತ್ತು. ಸಾವಿರದ ಒಂಬೈನೂರ ಅರವತ್ತೊಂದರ ಜನವರಿಯಲ್ಲಿ, ಅವರು ಮೈಸೂರಿನಿಂದ ಬಂದು ನಾಲ್ಕೇ ತಿಂಗಳಾಗಿದ್ದಾಗ, ಜರ್ಮನಿಯಲ್ಲಿ ತರಬೇತಿ ಮುಗಿಸಿ ಲಂಡನ್ನಿಗೆ ವಾಪಸಾಗಲು ಅವರು ಹತ್ತಿದ್ದ ವಿಮಾನ ಸುರಿಯುವ ಹಿಮದಲ್ಲಿ ಮೇಲೇಳಲಾರದೆ ಬೇಲಿಯಾಚೆಯ ಹೊಲಕ್ಕೆ ಬಿದ್ದಿತ್ತು. ಹತ್ತೊಂಬತ್ತು ಜನ ಸತ್ತರು. ಶೇಷಾದ್ರಿ ಭುಜದ ಮೂಳೆ ಮುರಿದುಕೊಂಡು ಬದುಕಿದರು. ಆ ಅಪಘಾತದ ಮೇಲೆ ಪುಸ್ತಕ ಬಂತು, ಟೀವಿಯಲ್ಲಿ ಕಾರ್ಯಕ್ರಮ ಬಂತು. ಕಾರ್ಯಕ್ರಮ ಶುರುವಾದ ಕೂಡಲೇ ಅವರು ಎದ್ದು ಹಿತ್ತಲಿನ ಗುಲಾಬಿ ಗಿಡಗಳ ಕಡೆ ಹೋಗಿಬಿಟ್ಟಿದ್ದರು.

ಆಗಿನ್ನೂ ಮದುವೆಯಾಗಿ ವರ್ಷ ತುಂಬದ ಹೆಂಡತಿ ಕೃಷ್ಣವೇಣಿ ಮೈಸೂರಿನಲ್ಲಿದ್ದರು. ಟೆಲಿಗ್ರಾಂ ತಂದವನ ಮುಖ ನೋಡಿಯೇ ಬಾಗಿಲಲ್ಲಿ ಕುಸಿದು ಕೂತಿದ್ದು ಅವರಿಗೆ ಈಗಲೂ ನೆನಪಿದೆ. ಆ ಬೇಸಿಗೆಯಲ್ಲಿ ಗಂಡನೇ ಪತ್ರ ಬರೆದರು: ವಿಮಾನ ಬೇಡ, ಹಡಗಿನಲ್ಲಿ ಬಾ.

ಹಾಗೆ ಶುರುವಾದದ್ದು ಅವರ ಹಡಗಿನ ಕಾಲ. ಊರಿಗೆ ಹೋಗುವುದಾದರೆ ಟಿಲ್ಬರಿ ಬಂದರಿನಿಂದ ಮುಂಬಯಿಗೆ ಎರಡು ವಾರದ ಮೇಲಿನ ಪ್ರಯಾಣ. ಸೂಯೆಜ್ ದಾಟುವಾಗ ದಡದಲ್ಲಿ ಒಂಟೆಗಳು, ಏಡನ್ನಿನಲ್ಲಿ ಇಳಿದು ಕೊಂಡ ಟ್ರಾನ್ಸಿಸ್ಟರ್, ಸಂಜೆ ಡೆಕ್ಕಿನ ಮೇಲೆ ಪುಟ್ಟ ಮಗಳು ಸಂಹಿತಾಳನ್ನು ಹೆಗಲಿಗೆ ಹಾಕಿಕೊಂಡು ಗಂಡ ಗುನುಗುತ್ತಿದ್ದ ಮೋಹನ ರಾಗ. ಆಸ್ಪತ್ರೆಯ ಫೋನು ಬಾರದ ದಿನಗಳೆಂದರೆ ಅವರ ಸಂಸಾರದಲ್ಲಿ ಅವಷ್ಟೇ. ಎಲ್ಲರೂ ಒಂದೇ ದಿನದಲ್ಲಿ ಊರು ಸೇರುವಾಗ ತಮಗೇಕೆ ಈ ಕಷ್ಟ ಎಂದು ಕೃಷ್ಣವೇಣಿ ಬಾಯಲ್ಲಿ ಗೊಣಗಿದರೂ, ಗಂಡನ ಹೆದರಿಕೆ ತನಗೆ ಕೊಟ್ಟ ಆ ಸುಖವನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದರು.

ಅರವತ್ತಾರರದೇ ಕೊನೆಯ ಪ್ರಯಾಣ. ಆಮೇಲೆ ಸೂಯೆಜ್ ಮುಚ್ಚಿತು. ಕೆಲವೇ ವರ್ಷಗಳಲ್ಲಿ ಆ ಹಡಗುಗಳೂ ನಿಂತವು. ಅಲ್ಲಿಂದ ಮುಂದೆ ಕೃಷ್ಣವೇಣಿ ಮಗಳನ್ನು ಕರೆದುಕೊಂಡು ವಿಮಾನದಲ್ಲಿ ಹೋಗಿ ಬಂದರು. ಶೇಷಾದ್ರಿ ಹೀಥ್ರೂ ಬಾಗಿಲಿನ ತನಕ ಬಂದು ಸೂಟ್‌ಕೇಸ್ ಇಳಿಸಿ, ಒಳಗೆ ಕಾಲಿಡದೆ ವಾಪಸಾಗುತ್ತಿದ್ದರು. ತಾಯಿ ತೀರಿಕೊಂಡಾಗಲೂ ಹೋಗಲಿಲ್ಲ. ಆ ಒಂದು ಮಾತಿಗೆ ಕೃಷ್ಣವೇಣಿ ಅವರನ್ನು ಪೂರ್ತಿ ಕ್ಷಮಿಸಿರಲಿಲ್ಲ.

ತೊಂಬತ್ತಾರರಲ್ಲಿ ಶೇಷಾದ್ರಿಯವರಿಗೆ ಕೆಲಸದಿಂದ ನಿವೃತ್ತಿಯಾಯಿತು. ಅದೇ ಚಳಿಗಾಲಕ್ಕೆ ತಂಗಿ ವೇದಾಳ ಕಾಗದ ಬಂತು. ತನ್ನ ಯಜಮಾನರಿಗೆ ಅರವತ್ತು ವರ್ಷದ ಶಾಂತಿ ಇಟ್ಟುಕೊಂಡಿದ್ದಳು. ‘ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ಮೂವತ್ತು ವರ್ಷವಾಯಿತು ಅಣ್ಣ. ನಿನ್ನ ಧ್ವನಿ ಫೋನಿನಲ್ಲಿ ಮಾತ್ರ ಕೇಳಿ ಕೇಳಿ, ನಿನಗೆ ಮುಖವಿದೆ ಅನ್ನೋದೇ ಮರೆತುಹೋಗಿದೆ’ ಎಂದು ಬರೆದಿದ್ದಳು. ಶೇಷಾದ್ರಿ ಆ ಕಾಗದವನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಮೂರನೆಯ ದಿನ ಬೆಳಗಿನ ಕಾಫಿ ಕುಡಿಯುತ್ತ, “ಎರಡು ಟಿಕೆಟ್ ತೊಗೊಳ್ಳೋಣ” ಅಂದರು.

ಹೊರಟ ದಿನ ಬೆಳಿಗ್ಗೆಯಿಂದಲೇ ಹಿಮ. ಕಾರು ಓಡಿಸುತ್ತಿದ್ದ ಸಂಹಿತಾ, “ಡ್ಯಾಡ್, ಯು ಡೋಂಟ್ ಹ್ಯಾವ್ ಟು ಗೋ ಟುಡೇ” ಅಂದಳು.

“ನಡಿ ನಡಿ, ಹೊತ್ತಾಗುತ್ತೆ,” ಎಂದರು ಶೇಷಾದ್ರಿ.

ವಿಮಾನದಲ್ಲಿ ಅವರಿಗೆ ಸಿಕ್ಕಿದ್ದು ಕಿಟಕಿಯ ಸೀಟು. ಬಾಗಿಲು ಮುಚ್ಚಿದರು. ಹೊರಗೆ ಹಗಲೇ ಮಬ್ಬಾಗಿ ಹತ್ತಿಯಂಥ ಹಿಮ ಇಳಿಯುತ್ತಿತ್ತು. ಶೇಷಾದ್ರಿ ರೆಕ್ಕೆಯನ್ನೇ ನೋಡುತ್ತಿದ್ದರು.

“ವೇಣಿ, ನಾನು ಅವತ್ತು ನೋಡಿದ್ದೆ,” ಅಂದರು, ತಲೆ ತಿರುಗಿಸದೆ.

“ಏನನ್ನ?”

“ಹಿಮಾನ. ರೆಕ್ಕೆ ಮೇಲೆ ದಪ್ಪಗೆ, ಹಾಸಿಗೆ ಹಾಸಿದ ಹಾಗೆ ಇತ್ತು. ವಿಮಾನ ಓಡೋಕೆ ಶುರುವಾದಾಗ ಹಾರಿಹೋಗತ್ತೆ ಅಂದ್ಕೊಂಡೆ. ಅಲ್ಲಾಡಲೇ ಇಲ್ಲ. ಅದಕ್ಕೂ ಮುಂಚೆ ಏರ್‌ಹೋಸ್ಟೆಸ್ ಹುಡುಗಿ ಪಕ್ಕದಲ್ಲೇ ಬಂದು ಬೆಲ್ಟ್ ನೋಡಿ ಹೋದ್ಳು. ಹೇಳೋಣ ಅಂತ ಬಾಯಿ ತೆಗೆದೆ. ನಾಲ್ಕು ತಿಂಗಳ ಹಿಂದೆ ಬಂದ ಕರಿಯ ಮನುಷ್ಯ, ಹಿಮವನ್ನೇ ಕಂಡಿರದವನು, ನಾನೇನು ಇವರಿಗೆ ಹೇಳೋದು, ಅವರಿಗೆ ಗೊತ್ತಿರಲ್ವಾ ಅಂತ ಸುಮ್ಮನಾದೆ. ‘ಥ್ಯಾಂಕ್ ಯೂ’ ಅಂದೆ. ಅವಳೂ ಉಳೀಲಿಲ್ಲ.”

ಮೂವತ್ತೈದು ವರ್ಷ ಕೃಷ್ಣವೇಣಿ ಅದನ್ನು ಹೆದರಿಕೆ ಅಂದುಕೊಂಡಿದ್ದರು. ನೆಂಟರ ಎದುರು ನಕ್ಕಿದ್ದರು, ಅತ್ತೆ ಹೋದಾಗ ಜಗಳವಾಡಿದ್ದರು. ಹಡಗಿನ ಡೆಕ್ಕಿನಲ್ಲಿ ಮೋಹನ ಗುನುಗುತ್ತಿದ್ದ ಮನುಷ್ಯ ಒಳಗೆ ಇದನ್ನು ಹೊತ್ತುಕೊಂಡಿದ್ದನೇ?

“ಯಾಕೆ ನಂಗೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ‘ಪರವಾಗಿಲ್ಲ’ ಅಂತಿದ್ದೆ. ನಂಗೆ ಅದು ಬೇಡವಾಗಿತ್ತು.”

ಅಷ್ಟು ಹೇಳಿ ಅವರು ಕೈ ಮೇಲೆತ್ತಿ ಗುಂಡಿ ಒತ್ತಿದರು. ಏರ್‌ಹೋಸ್ಟೆಸ್ ಬಂದಳು. ಶೇಷಾದ್ರಿ ಸೀಟಿನಲ್ಲಿ ನೆಟ್ಟಗೆ ಕೂತು, ರೋಗಿಯ ಮನೆಯವರೊಂದಿಗೆ ಮಾತಾಡುವ ಆ ಹಳೆಯ ಧ್ವನಿಯಲ್ಲಿ, ಇಂಗ್ಲಿಷಿನಲ್ಲಿ, ರೆಕ್ಕೆಯ ಮೇಲೆ ಹಿಮ ಕೂತಿದೆ, ದಯವಿಟ್ಟು ಕ್ಯಾಪ್ಟನ್ನಿಗೆ ತಿಳಿಸಿ ಎಂದರು. ಮುಂದಿನ ಸಾಲಿನವರು ತಿರುಗಿ ನೋಡಿದರು. ಯಾರೋ ಸಣ್ಣಗೆ ನಕ್ಕರು. ಕೃಷ್ಣವೇಣಿ ನಕ್ಕವರನ್ನು ದುರುಗುಟ್ಟಿ ನೋಡಿದರು.

ಹುಡುಗಿ ನಗಲಿಲ್ಲ. ಮುಂದೆ ಹೋಗಿ ಬಂದು ಅವರ ಪಕ್ಕದಲ್ಲಿ ಮೊಣಕಾಲೂರಿ ಕೂತಳು. ಹಿಮ ತೊಳೆಯುವ ಗಾಡಿ ಬರುವುದು ಮೊದಲೇ ನಿಗದಿಯಾಗಿದೆ, ಸರದಿಗೆ ಕಾಯುತ್ತಿದ್ದೇವೆ; ಆದರೂ ಹೇಳಿದ್ದಕ್ಕೆ ಕ್ಯಾಪ್ಟನ್ ಧನ್ಯವಾದ ತಿಳಿಸಿದ್ದಾರೆ, ಯಾವಾಗ ಏನು ಕಂಡರೂ ಹೇಳಿ ಎಂದಳು.

ಇಷ್ಟೇ. ಶೇಷಾದ್ರಿ ಹೇಳದಿದ್ದರೂ ಗಾಡಿ ಬರುತ್ತಿತ್ತು. ಅದು ಬಂದಾಗ, ಅದರ ಮೇಲೆತ್ತಿದ ತೊಟ್ಟಿಲಂಥ ಬುಟ್ಟಿಯಲ್ಲಿ ನಿಂತ ಕೆಲಸಗಾರ ಬಿಸಿ ದ್ರಾವಣ ಎರಚಿದ ಕೂಡಲೇ ಹಿಮ ಕರಗಿ, ಕಿಟಕಿಯ ಮೇಲೆ ಕಿತ್ತಳೆ ಬಣ್ಣದ ನೀರು ಹರಿಯಿತು. ಶೇಷಾದ್ರಿ ಅಳುತ್ತಿದ್ದರು. ಕೃಷ್ಣವೇಣಿ ಸೆರಗಿನಿಂದ ಅವರ ಮುಖ ಒರೆಸಿದರು. ಪರವಾಗಿಲ್ಲ ಎಂದು ಮಾತ್ರ ಅನ್ನಲಿಲ್ಲ.

“ಅವತ್ತಿನ ಆ ಹುಡುಗಿಗೆ ಎಷ್ಟು ವಯಸ್ಸಿತ್ತು?” ಎಂದು ಕೇಳಿದರು.

“ಇಪ್ಪತ್ತಮೂರು. ಪೇಪರಲ್ಲಿ ಓದಿದ್ದು. ಇಲ್ಲೇ ಲಂಡನ್ನಿನ ಗ್ರೀನ್‌ಫರ್ಡಿನವಳಂತೆ.”

ವಿಮಾನ ಓಡಿತು, ಎದ್ದಿತು. ಮೋಡದ ಮೇಲೆ ಬಂದಾಗ ಬಿಸಿಲಿತ್ತು. ಶೇಷಾದ್ರಿ ಆ ದಿನದ ಒಂದೊಂದು ಸಂಗತಿಯನ್ನೂ, ನೆನಪಿದ್ದಷ್ಟನ್ನೂ ಹೇಳಿದರು. ಕೃಷ್ಣವೇಣಿ ಒಮ್ಮೆಯೂ ನಡುವೆ ಬಾಯಿ ಹಾಕದೆ ಕೇಳಿದರು.

ಮರುದಿನ ಬೆಂಗಳೂರಿನ ವಿಮಾನ ನಿಲ್ದಾಣದ ಕಟಕಟೆಯಾಚೆ ವೇದಾ ನಿಂತಿದ್ದಳು. ಅತ್ತಿಗೆಯನ್ನು ಕಂಡು ಕೈಬೀಸಿದಳು. ಆಮೇಲೆ ಕತ್ತು ಉದ್ದ ಮಾಡಿ, ಅತ್ತಿಗೆಯ ಪಕ್ಕದಲ್ಲಿದ್ದ ಬಿಳಿಗೂದಲಿನ ಮುದುಕರನ್ನು ದಾಟಿ, ಹಿಂದಿನ ಗುಂಪಿನಲ್ಲಿ ಅಣ್ಣನನ್ನು ಹುಡುಕತೊಡಗಿದಳು.

“ಏ ವೇದೂ, ನಾನೇ ಕಣೇ,” ಅಂದರು ಶೇಷಾದ್ರಿ.