ಒಂದೇ ರಕ್ತ

ಗೋಡೌನಲ್ಲಿ ಅಣ್ಣ-ತಮ್ಮನಿಗೆ ಜೋಡಿ ಡ್ರಮ್ಮು ಅಂತಾನೇ ಹೆಸರು. ಇಬ್ರೂ ಒಟ್ಟಿಗೆ ಹತ್ತಿದ್ರೆ ಲಿಫ್ಟು ಕೀಂಯ್ ಅಂತ ಅತ್ತು ನಿಂತ್ಬಿಡೋದು. ಅಣ್ಣ ಮೇಲೆ ಕೂತು ಕ್ರೇನ್ ಓಡಿಸ್ತಿದ್ದ, ತಮ್ಮ ಕೆಳಗೆ ನಿಂತು ಕೊಕ್ಕೆ ಸಿಕ್ಕಿಸ್ತಿದ್ದ. ತಮ್ಮ ಬಾಯಿಬಿಟ್ರೆ ಸಿನಿಮಾ. ಅದಕ್ಕೇ ಅವನನ್ನ ಎಲ್ರೂ ಕರೀತಿದ್ದಿದ್ದು ಡೈಲಾಗು ಅಂತ.

ಆ ವರ್ಷ ಅಣ್ಣನಿಗೆ ಎಷ್ಟು ನೀರು ಕುಡಿದ್ರೂ ಬಾಯಾರಿಕೆ. ಘಳಿಗೆಗೊಂದ್ಸಲ ಕ್ರೇನ್ ಇಳಿದು ಟಾಯ್ಲೆಟ್ಟಿಗೆ ಓಟ. ಅಷ್ಟರಲ್ಲಿ ಕಂಪನಿಯವರು ಎಲ್ರಿಗೂ ರಕ್ತ ಟೆಸ್ಟು ಅಂದ್ರು.

"ಶುಗರ್ ಅಂತ ಬಂದ್ರೆ ನನ್ನ ಕ್ರೇನಿಂದ ಇಳಿಸ್ತಾರೆ ಕಣೋ," ಅಂದ ಅಣ್ಣ. "ಈ ವಯಸ್ಸಲ್ಲಿ ಕೊಕ್ಕೆ ಹಿಡ್ಕೊಂಡು ನಿಂತ್ಕೊಳ್ಲಾ?"

ಡೈಲಾಗು ತೋಳು ಮಡಚಿದ. "ಈ ತಮ್ಮನ ಮೈಯಲ್ಲಿ ಕೊನೇ ಹನಿ ಇರೋವರ್ಗೂ ಅಣ್ಣನ ಸೀಟು ಅಲ್ಲಾಡಲ್ಲ!"

ಟೆಸ್ಟಿನ ದಿನ ಅಣ್ಣನ ಬದಲು ಡೈಲಾಗೇ ಹೋದ: ಮೂಗಿಗೆ ಮಾಸ್ಕು, ತಲೆಗೆ ಅಣ್ಣನ ಹೆಲ್ಮೆಟ್ಟು, ಕತ್ತಿಗೆ ಅಣ್ಣನ ಕಾರ್ಡು. ನರ್ಸಮ್ಮ ಫೋಟೋ ನೋಡಿದ್ಲು, ಹೊಟ್ಟೆ ನೋಡಿದ್ಲು, ಸೂಜಿ ಚುಚ್ಚಿದ್ಲು. ಮಧ್ಯಾಹ್ನ ತನ್ನ ಸರದಿಗೆ ಬೇರೆ ನರ್ಸಿಗೆ ಇನ್ನೊಂದು ತೋಳು ಕೊಟ್ಟ. ಎರಡೂ ರಿಪೋರ್ಟು ನಾರ್ಮಲ್.

ಆಮೇಲೆ ಗುಟ್ಟಾಗಿ ಹೊರಗೆಲ್ಲಾದ್ರೂ ಅಣ್ಣ ಟೆಸ್ಟ್ ಮಾಡಿಸ್ಕೊಳೋದು ಅಂತ ಮಾತಾಗಿತ್ತು. ಆದ್ರೆ ತನ್ನ ಹೆಸರಿನ ಮುಂದೆ ನಾರ್ಮಲ್ ಅಂತ ನೋಡಿದ್ದೇ ತಡ, ಪುಣ್ಯಾತ್ಮ ಅದನ್ನ ನಂಬೇಬಿಟ್ಟ!

"ಇನ್ಯಾಕೋ ಟೆಸ್ಟು? ಹುಟ್ಟಿದ್ದು ಒಂದೇ ಹೊಟ್ಟೇಲಿ, ತಿನ್ನೋದು ಒಂದೇ ಮನೇಲಿ, ತೂಗೋದೂ ಒಂದೇ ತೂಕ. ನಿಂದು ನಾರ್ಮಲ್ ಅಂದ್ರೆ ನಂದೂ ನಾರ್ಮಲ್ಲೇ."

ತಡೀಬೇಕಿತ್ತು ಡೈಲಾಗು. ಆದ್ರೆ ಅಂಥಾ ಸೀನು ಬಿಡೋದುಂಟೇ? ಎದೆ ತಟ್ಕೊಂಡ. "ಹೌದಣ್ಣೋ! ನಿನ್ನಲ್ಲಿ ಹರಿಯೋದೂ ನನ್ನಲ್ಲಿ ಹರಿಯೋದೂ ಒಂದೇ ರಕ್ತ!"

ಏನೂ ಗೊತ್ತಿಲ್ಲದ ಅತ್ತಿಗೆ ಆ ರಿಪೋರ್ಟನ್ನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ಲು.

ಮರುವರ್ಷ ಅಣ್ಣನಿಗೆ ಒಂದು ಕೊಕ್ಕೆ ಎರಡಾಗಿ ಕಾಣೋಕೆ ಶುರುವಾಯ್ತು. ಒಂದಿನ ಕಬ್ಬಿಣದ ಕಟ್ಟು ತೂಗಾಡ್ಕೊಂಡು ಬಂದು ತಮ್ಮನ ಹೆಲ್ಮೆಟ್ ಸವರಿ ಗೋಡೆಗೆ ಬಡೀತು. ಆವಾಗ ಅತ್ತಿಗೇನೂ ಕರ್ಕೊಂಡು ಓಡಿದ್ರು ಕಣ್ಣಾಸ್ಪತ್ರೆಗೆ.

"ಶುಗರ್ ಬಂದು ತುಂಬಾ ದಿನ ಆಗಿದೆ," ಅಂದ್ರು ಡಾಕ್ಟ್ರಮ್ಮ. "ಕಣ್ಣೊಳಗೆ ರಕ್ತ ಸೋರಿದೆ. ಇರೋ ನೋಟ ಉಳಿಸೋಕೆ ನೋಡ್ತೀವಿ. ಕ್ರೇನ್ ಮಾತ್ರ ಮರ್ತುಬಿಡಿ."

"ನಾನೂ ಇಷ್ಟೇ ದಪ್ಪ ಇದೀನಲ್ಲ ಮೇಡಂ? ನಂಗ್ಯಾಕಿಲ್ಲ?" ಅಂದ ಡೈಲಾಗು.

"ದಪ್ಪ ಇರೋರಿಗೆಲ್ಲ ಬರಲ್ಲಪ್ಪ. ಜೀನಲ್ಲಿ ಸಣ್ಣಸಣ್ಣ ವ್ಯತ್ಯಾಸ ಇರುತ್ತೆ, ಒಡಹುಟ್ಟಿದವರಲ್ಲೂ. ಅದಕ್ಕೇ ಇಷ್ಟೇ ತೂಕನ ಒಬ್ಬರ ಮೈ ತಡ್ಕೊಳುತ್ತೆ, ಇನ್ನೊಬ್ಬರದು ಕೈಕೊಡುತ್ತೆ. ನಿಂಗೆ ಇನ್ನೂ ಬಂದಿಲ್ಲ ಅಷ್ಟೇ. ಇವರು ಹೋದ ವರ್ಷವೇ ಒಂದು ಟೆಸ್ಟ್ ಮಾಡಿಸಿದ್ರೆ..."

"ಮಾಡಿಸಿದ್ರಲ್ಲ ಡಾಕ್ಟ್ರೇ!" ಅತ್ತಿಗೆ ಬ್ಯಾಗಿಂದ ರಿಪೋರ್ಟ್ ಎಳೆದ್ಲು. ಫ್ರಿಜ್ಜಿಗೆ ಅಂಟಿಸಿದ್ದ ಟೇಪು ಇನ್ನೂ ಮೂಲೇಲಿತ್ತು. "ನಾರ್ಮಲ್ ಅಂತ ಕೊಟ್ಟಿದ್ದಾರೆ ನೋಡಿ. ಇದೇನು ಸುಳ್ಳಾ?"

ಡೈಲಾಗು ಗೋಡೆ ಕಡೆ ತಿರುಗಿದ.

ಔಷಧಿ ಹನಿ ಹಾಕಿಸ್ಕೊಂಡು ಕಣ್ಣು ಮುಚ್ಚಿ ಕೂತಿದ್ದ ಅಣ್ಣ, ತಮ್ಮ ನಿಂತಿದ್ದ ಕಡೆ ಮುಖ ಎತ್ತಿದ.

"ಹೇಳೋ ಹೀರೋ. ಅತ್ತಿಗೆ ಕೇಳ್ತಿದ್ದಾಳೆ. ಅವತ್ತಿನ 'ಒಂದೇ ರಕ್ತ' ಡೈಲಾಗು ಇನ್ನೊಂದ್ಸಲ ಹೊಡಿ."