ನಾಲ್ಕೆತ್ತಿನ ಗೇರು

ಜೀಪು ಓಡಿಸುವ ಅಣ್ಣಂದಿರೇ, ಮಳೆಗಾಲದಲ್ಲಿ ನಮ್ಮ ಕೆರೆ ಏರಿಗಳು ಹೇಗಿರುತ್ತವೆಂದು ನಿಮಗೇ ಗೊತ್ತು. ಬರೀ ಜೇಡಿಮಣ್ಣು, ಮೇಲೆ ಬಿಡದ ಸೋನೆ. ನಡೆದು ಹೋಗುವವರೇ ಕಾಲ್ಬೆರಳು ಊರಿ ನಡೆಯಬೇಕು.

ಹಾರನಹಳ್ಳಿಯ ಹೊಗೆಸೊಪ್ಪಿನ ವ್ಯಾಪಾರಿ ಷಣ್ಮುಖಪ್ಪನವರು ಮಾತ್ರ ಇದಕ್ಕೆಲ್ಲ ಹೆದರುವವರಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಜೀಪು ಅವರದು. ಮುಂದಿನ ಗಾಲಿಗಳಿಗೂ ಎಳೆತ ಕೊಡುವ ಗೇರಿಗೆ ಅವರೇ ‘ನಾಲ್ಕೆತ್ತಿನ ಗೇರು’ ಎಂದು ಹೆಸರಿಟ್ಟಿದ್ದರು. ಅದನ್ನು ಹಾಕಿದರೆ ಜೀಪು ಜಾರುವ ಮಾತೇ ಇಲ್ಲ ಎಂದು ಜಗಲಿಯ ಮೇಲೆ ಕೂತು ಸಾರುತ್ತಿದ್ದರು. ಒಳ್ಳೆಯ ಮನುಷ್ಯ, ಹಠ ಮಾತ್ರ ಸ್ವಲ್ಪ ಜಾಸ್ತಿ.

ಒಂದು ಮಳೆಗಾಲ ಅದೇ ಜೀಪು ಏರಿಯ ಇಳಿಜಾರಿನಲ್ಲಿ ಜಾರಿ, ಅಡ್ಡ ತಿರುಗಿ, ನೀರಿಗೆ ಒಂದು ಮಾರು ದೂರದಲ್ಲಿ ನಿಂತಿತು. ಅದನ್ನು ಹೇಗೋ ಮೇಲೆ ಹತ್ತಿಸಿಕೊಂಡು ಷಣ್ಮುಖಪ್ಪನವರು ಕೆಸರು ಮೆತ್ತಿದ ಪಂಚೆಯಲ್ಲಿ ಮನೆಗೆ ಬಂದರು. ಹೆಂಡತಿ ಸುಂದ್ರಮ್ಮ ಬಾಗಿಲಲ್ಲೇ ಹಿಡಿದುಕೊಂಡರು.

“ಇನ್ ನಾಲ್ಕು ದಿನದಾಗೆ ಹನಗೋಡಿಂದ ಗೌರೀನ ಕರ್ಕೊಂಡು ಬರ್ಬೇಕು. ಏಳು ತಿಂಗ್ಳ ಬಸುರಿ. ನನ್ ಮಗಳನ್ನ ಈ ಜೀಪಲ್ಲಿ ಕೂರ್ಸಾಕೆ ನಾನು ಒಪ್ಪಾಕಿಲ್ಲ ಕಣ್ರೀ.”

“ಮಳೆ ನಿಲ್ಲಲಿ ಬುಡು, ಆಮೇಕೆ ಓಗಾನ.”

“ಎಂಟು ತಿಂಗ್ಳಿಗೆ ಬಿದ್ರೆ ಬೀಗರು ಕಳ್ಸಾಕಿಲ್ಲ. ಎತ್ತಿನ ಗಾಡಿ ಕುಲುಕಾಟ ಅವಳಿಗೆ ಆಗಾಕಿಲ್ಲ. ಏನ್ ಮಾಡೀರಿ?”

ಷಣ್ಮುಖಪ್ಪನವರು ಪಂಚೆಯ ಕೆಸರು ಕೆರೆಯತೊಡಗಿದರು. ಅಷ್ಟರಲ್ಲಿ ಪಕ್ಕದ ಮನೆಯ ಬೆಟ್ಟಸ್ವಾಮಿ ಬಂದ. ನಲವತ್ತೆಂಟನೇ ಇಸವಿಯಲ್ಲಿ ಕಾಶ್ಮೀರದ ಹಿಮದಲ್ಲಿ ದಂಡಿನ ಜೀಪು ಓಡಿಸಿದವನು ಅವನು.

“ಯಜಮಾನ್ರೇ, ಜಾರಿದಾಗ ಏನ್ ಮಾಡಿದ್ರಿ?”

“ಬ್ರೇಕ್ ತುಳಿದೆ, ಇರೋ ಬಲ ಎಲ್ಲ ಬುಟ್ಟು! ನಾಲ್ಕೆತ್ತಿನ ಗೇರೂ ಆಕಿದ್ದೆ ಕಣ್ಲಾ. ಆದ್ರೂ ಜಾರ್ತು.”

“ಸರಿ. ಸೊಪ್ಪಿನ ಗಾಡಿ ದಿಬ್ಬ ಅತ್ತಬೇಕಾದ್ರೆ ನಾಲ್ಕೆತ್ತು ಕಟ್ತೀರಿ. ಇಳಿಯೋವಾಗ ಯಾಕೆ ಕಟ್ಟಾಕಿಲ್ಲ?”

“ಇಳಿಯೋವಾಗ ಎಳೆಯೋದೇನೈತೆ? ತಡೀಬೇಕು, ಅಷ್ಟೇ.” ಹೇಳಿದ ಮೇಲೆ ಷಣ್ಮುಖಪ್ಪನವರು ತಮ್ಮ ಮಾತನ್ನು ತಾವೇ ಕೇಳಿಸಿಕೊಂಡು ಹಣೆ ಚಚ್ಚಿಕೊಂಡರು.

“ಅಂಗೇ ಕಣ್ರೀ. ಆ ಗೇರು ಇರೋದು ಎಳೆಯಾಕೆ, ನಿಲ್ಲಿಸಾಕಲ್ಲ. ಕಾಸ್ಮೀರದ ಮಂಜುಗಡ್ಡೆ ಮ್ಯಾಲೆ ಅದನ್ನೇ ನಂಬ್ಕೊಂಡು ಜೋರಾಗಿ ಓಡ್ಸಿದೋರು ಕಂದಕಕ್ಕೆ ಬಿದ್ರು. ನಮ್ಮ ಜೇಡಿಮಣ್ಣೂ ಅದೂ ಒಂದೇ.”

ಮಾರನೆಯ ಬೆಳಿಗ್ಗೆ ಊರಾಚೆ ಬಯಲಿನ ಇಳಿಜಾರಿನಲ್ಲಿ ಪಾಠ. ಸುಂದ್ರಮ್ಮನವರೂ ಛತ್ರಿ ಹಿಡಿದು ನಿಂತರು. ಮೊದಲ ಸಲವೇ ಯಜಮಾನರ ಕಾಲು ಬ್ರೇಕಿಗೆ ಹೋಯಿತು, ಜೀಪಿನ ಹಿಂಭಾಗ ಎಡಕ್ಕೆ ಸರಿಯಿತು.

“ಬ್ರೇಕ್ ಬುಡಿ! ಹಿಂದ್ಗಡೆ ಎತ್ತಗೆ ಜಾರ್ತದೋ ಅತ್ತಗೇ ಚಕ್ರ ಮೆಲ್ಲಕೆ ತಿರುಗ್ಸಿ!” ಎಂದು ಬೆಟ್ಟಸ್ವಾಮಿ ಕೂಗಿದ. ಜೀಪು ನೆಟ್ಟಗಾಯಿತು.

“ಇಳಿಯೋಕೆ ಮುಂಚೇನೇ ಒಂದನೇ ಗೇರ್ ಆಕಿ. ಕ್ಲಚ್ ತುಳೀಬೇಡಿ, ನ್ಯೂಟ್ರಲ್ ಅಂತೂ ಬೇಡವೇ ಬೇಡ. ಇಂಜಿನ್ನೇ ತಡೀತದೆ. ಬ್ರೇಕ್ ಬೇಕಾದ್ರೆ ಮೊಟ್ಟೆ ಮುಟ್ದಂಗೆ ಮುಟ್ಟಿ.”

“ಮೊಟ್ಟೆ ಗಿಟ್ಟೆ ನಮ್ಮನೇಲಿ ಮುಟ್ಟಾಕಿಲ್ಲ ಕಣಪ್ಪ,” ಎಂದರು ಸುಂದ್ರಮ್ಮ. ಮೂವರೂ ನಕ್ಕರು. ಹತ್ತು ಸಲ ಇಳಿದ ಮೇಲೆ ಆಕೆಯೇ, “ಸರಿ, ನಾನೂ ಬತ್ತೀನಿ ನಡೀರಿ,” ಎಂದರು.

ಹನಗೋಡಿನಿಂದ ಮಗಳು ಮಂಗಳಗೌರಿಯನ್ನು ಕೂರಿಸಿಕೊಂಡು ಹೊರಟಾಗಲೂ ಸೋನೆ ನಿಂತಿರಲಿಲ್ಲ. ಗಟ್ಟಿ ರಸ್ತೆ ಮುಗಿಯುವವರೆಗೆ ಯಜಮಾನರು ಆ ಗೇರು ಮುಟ್ಟಲಿಲ್ಲ. ಗಟ್ಟಿ ನೆಲದಲ್ಲಿ ಅದು ಯಂತ್ರಕ್ಕೆ ಪೆಟ್ಟು. ಮಣ್ಣುದಾರಿ ಸಿಕ್ಕಾಗ ನಿಲ್ಲಿಸಿ ಹಾಕಿದರು. ಏರಿಯ ಮೇಲೆ ಮುಂದೊಂದು ಗಾಡಿ ಹೋಗುತ್ತಿತ್ತು. ಹಿಂದೆಲ್ಲ ಹಾರನ್ನು ಹೊಡೆದು ನುಗ್ಗುತ್ತಿದ್ದವರು ಈಗ ಬಹಳ ದೂರ ಬಿಟ್ಟು, ಗಾಡಿ ಇಳಿದು ಮುಗಿಯುವವರೆಗೂ ಕಾದರು. ಆಮೇಲೆ ಒಂದನೇ ಗೇರಿನಲ್ಲಿ ಮೆಲ್ಲಗೆ ಇಳಿದರು. ಸುಂದ್ರಮ್ಮ ಮಗಳ ಭುಜ ಬಿಗಿಯಾಗಿ ಹಿಡಿದಿದ್ದರು.

ಮನೆ ಮುಂದೆ ಜೀಪು ನಿಂತಿತು. ತಾಯಿಗೆ ಒರಗಿ ನಿದ್ದೆ ಹೋಗಿದ್ದ ಗೌರಿ ಕಣ್ಣು ಬಿಟ್ಟಳು.

“ಏರಿ ಇನ್ನೂ ಬಂದಿಲ್ವೇನವ್ವ?”

ಷಣ್ಮುಖಪ್ಪನವರು ಹಿಂದೆ ತಿರುಗಿ ಮಗಳ ತಲೆ ಸವರಿದರು. ಅಂಥ ಸಂತೋಷ ಅವರಿಗೆ ಯಾವ ಸಂತೆಯಲ್ಲೂ ಆಗಿರಲಿಲ್ಲ.

ಈ ಮಳೆಗಾಲದಲ್ಲಿ ನೀವೂ ನಿಧಾನವಾಗಿ ಹೋಗಿ. ಇಳಿಯುವ ಮೊದಲೇ ಒಂದನೇ ಗೇರು ಹಾಕಿ, ಮುಂದಿನವರಿಂದ ದೂರ ಇರಿ, ಜಾರಿದರೆ ಬ್ರೇಕು ಬಿಡಿ. ನಿಮ್ಮ ಜೀಪಿನಲ್ಲಿ ಕೂತವರಿಗೂ ಏರಿ ದಾಟಿದ್ದೇ ಗೊತ್ತಾಗದಿರಲಿ.