ಮೇಜಿನ ಗೂಡಿನ ತೂತು

ಪರದೆ ಮತ್ತೆ ಕಪ್ಪಾಯಿತು. ಯಾರದೋ ಹೊಸ ಅಡುಗೆಮನೆಯ ನಕ್ಷೆಗೆ ಬೆಳಕು ನೆರಳು ತುಂಬುವ ಕೆಲಸ ಮುಕ್ಕಾಲು ಮುಗಿದಿತ್ತು. ಸಂಜೆಯೊಳಗೆ ಬಡಗಿಗೆ ಕಳಿಸಬೇಕಿತ್ತು. ವುಕಾಶಿನ್ ಮೇಜಿನ ಗೂಡಿಗೆ ಕೈ ಹಾಕಿ ಕಂಪ್ಯೂಟರ್ ಪೆಟ್ಟಿಗೆಯನ್ನು ಮುಟ್ಟಿದ. ಕಾದ ಕಾವಲಿಯ ಹಾಗಿತ್ತು.

"ಅತ್ತೆ, ಮೇನ್ ಸ್ವಿಚ್ ಆರಿಸಿದ್ರಾ?"

"ನಾನ್ಯಾಕೆ ಆರಿಸ್ಲಿ?" ಅಡುಗೆಮನೆಯಿಂದ ದೆಸಾಂಕಾಳ ದನಿ ಬಂತು. "ನಿನ್ನ ಡಬ್ಬಕ್ಕೆ ಸೋಮಾರಿತನ ಹತ್ಕೊಂಡಿದೆ. ಯಾರಿಂದ ಅಂಟ್ಕೊಂಡಿತೋ!"

ಕಿಕಿಂದಾ ಊರಿನ ಆ ಮನೆ ದೆಸಾಂಕಾಳದು. ಅವಳ ಮಗಳು ಯಾಸ್ನಾಳನ್ನು ಮದುವೆಯಾಗಿ ವುಕಾಶಿನ್ ಅಲ್ಲಿಗೇ ಬಂದಿದ್ದ. ಮನೆ ಅಳಿಯನಾದವನು ಊರವರ ಬಾಯಿಗೆ ಆಹಾರ ಎನ್ನುವುದು ಗೊತ್ತಿದ್ದೇ ಬಂದಿದ್ದ; ಗೊತ್ತಿರದೆ ಹೋದದ್ದು ಅತ್ತೆಯ ನಾಲಿಗೆ. ಬರಿಗಾಲಲ್ಲಿ ನಡೆದರೆ ಬೈಗುಳ, ಒದ್ದೆ ತಲೆಯಲ್ಲಿ ಹೊರಬಿದ್ದರೆ ಬೈಗುಳ. ಎರಡು ಕಿಟಕಿ ಒಟ್ಟಿಗೆ ತೆರೆದರಂತೂ, ಅಡ್ಡಗಾಳಿ ಹೊಡೆದರೆ ಇಲ್ಲದ ರೋಗವೆಲ್ಲ ಬರುತ್ತದೆಂದು, ಮನೆಗೆ ಬೆಂಕಿ ಬಿದ್ದಂತೆ ಓಡಿಬಂದು ಮುಚ್ಚುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಅವನು ಮೂತ್ರಪಿಂಡದ ಕಲ್ಲಿನಿಂದ ಆಸ್ಪತ್ರೆಯಲ್ಲಿ ಹೊರಳಾಡುತ್ತಿದ್ದಾಗಲೂ ಮಂಚದ ಪಕ್ಕ ನಿಂತು, "ಗಾಳಿಗೆ ಸೊಂಟ ಕೊಟ್ಟು ಕೂತ್ರೆ ಇನ್ನೇನಾಗುತ್ತೆ? ಇಡೀ ಸರ್ಬಿಯಾದಲ್ಲಿ ಗಾಳಿಗೆ ಹೆದರದ ಗಂಡಸು ಇವನೊಬ್ನೇ" ಎಂದಿದ್ದಳು. ಅವನಿಗೆ ಸಾಕಾಗಿಹೋಗಿತ್ತು. ನೋವಿ ಸಾದ್ ನಗರದಲ್ಲಿ ಒಂದು ಬಾಡಿಗೆ ಕೋಣೆ ಗೊತ್ತುಮಾಡಿಟ್ಟಿದ್ದ. ತಾಯಿಯನ್ನು ಬಿಟ್ಟು ಹೋಗಲು ಯಾಸ್ನಾಳಿಗೆ ಮನಸ್ಸಿರಲಿಲ್ಲ. ಆದರೂ ಶನಿವಾರ ಹೋಗಿ ಮುಂಗಡ ಕೊಟ್ಟುಬರಲು ಒಪ್ಪಿದ್ದಳು. ದೆಸಾಂಕಾಳಿಗೆ ಇನ್ನೂ ಯಾರೂ ಹೇಳಿರಲಿಲ್ಲ.

ಪೆಟ್ಟಿಗೆಯನ್ನು ಹೊತ್ತು ತಂದು ಊಟದ ಮೇಜಿನ ಮೇಲೆ ಮಲಗಿಸಿ ಬಿಚ್ಚಿದ. ಪ್ರೊಸೆಸರಿನ ಮೇಲಿನ ಫ್ಯಾನಿಗೆ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಫ್ಯಾನು ಕಿತ್ತಾಗ, ಪ್ರೊಸೆಸರಿನ ಕಾವನ್ನು ಮೇಲಕ್ಕೆ ದಾಟಿಸಬೇಕಿದ್ದ ಪೇಸ್ಟು ಹಳೇ ಗೋಡೆಯ ಸುಣ್ಣದ ಹಾಗೆ ಬಿರಿದು ಉದುರಿತು. ಒರೆಸಲು ಸ್ಪಿರಿಟ್ ಇರಲಿಲ್ಲ. ಕಪಾಟಿನಲ್ಲಿದ್ದ ಪ್ಲಮ್ ಸಾರಾಯಿಯ ಬಾಟಲಿಗೆ ಕೈ ಹಾಕಿದ.

"ಏಯ್! ಅದು ನಿಮ್ಮ ಮಾವ ಇಳಿಸಿದ್ದು ಕಣೋ! ಮನುಷ್ಯರಿಗೇ ಅಳೆದೂ ಸುರಿದೂ ಕೊಡ್ತೀನಿ, ನೀನು ಡಬ್ಬಕ್ಕೆ ಕುಡಿಸ್ತಿದ್ದೀಯಲ್ಲೋ!"

"ಡಬ್ಬಕ್ಕೆ ಜ್ವರ, ಅತ್ತೆ."

"ಜ್ವರಕ್ಕಾದ್ರೆ ಕುಡಿಸಬಾರ್ದು, ಉಜ್ಜಬೇಕು."

"ಉಜ್ಜೋದೇ ಮಾಡ್ತಿದ್ದೀನಿ."

ಹೊಸ ಪೇಸ್ಟನ್ನು ಬಟಾಣಿ ಕಾಳಿನಷ್ಟು ಹಾಕಿ, ಫ್ಯಾನು ಕೂರಿಸಿ, ಅಲ್ಲೇ ತಂತಿ ಎಳೆದು ಚಾಲೂ ಮಾಡಿದ. ಹುರುಳಿಕಾಯಿ ಬೀಜದ ಸಾರು ಕುದಿಯುವಷ್ಟು ಹೊತ್ತೂ ಅದು ತಣ್ಣಗೆ ನಡೆಯಿತು. ಗೆದ್ದೆ ಎಂದುಕೊಂಡು ಮರಳಿ ಗೂಡಿಗೆ ತಳ್ಳಿ ಕೆಲಸಕ್ಕೆ ಕೂತ. ಸ್ವಲ್ಪ ಹೊತ್ತಿಗೆಲ್ಲ ಪರದೆ ಮತ್ತೆ ಕಪ್ಪು. ಈ ಮನೆಯೇ ತನಗೆ ಆಗಿಬರುವುದಿಲ್ಲ ಎನ್ನಿಸಿ ಅವನಿಗೆ ಅಳು ಬರುವಂತಾಯಿತು.

ಪೆಟ್ಟಿಗೆಯನ್ನು ಹೊರಗೆಳೆದು, ನೆಲಕ್ಕೆ ಕೂತು, ಮೊಬೈಲ್ ಬೆಳಕನ್ನು ಗೂಡಿನೊಳಕ್ಕೆ ಬಿಟ್ಟ. ಬಿಸಿಗಾಳಿ ಹೊರಹೋಗಲೆಂದು ಗೂಡಿನ ಹಲಗೆಗೆ ಅವನೇ ಒಂದು ದೊಡ್ಡ ತೂತು ಕೊರೆದಿದ್ದ. ಕುರ್ಚಿಯಲ್ಲಿ ಕೂತರೆ ಅದು ಸರಿಯಾಗಿ ಅವನ ಸೊಂಟದ ಪಕ್ಕಕ್ಕೆ ಬರುತ್ತಿತ್ತು. ಈಗ ಅಲ್ಲಿ ತೂತೇ ಕಾಣಲಿಲ್ಲ. ಕಂದು ಉಣ್ಣೆಯ ಪಟ್ಟಿಯೊಂದನ್ನು ಎರಡು ಮಡಿಕೆ ಮಾಡಿ, ಅಂಚಿನುದ್ದಕ್ಕೂ ಸಣ್ಣ ಮೊಳೆ ಹೊಡೆದು ತೂತನ್ನು ಮುಚ್ಚಲಾಗಿತ್ತು.

ಮೊದಲು ಸಿಟ್ಟು ನೆತ್ತಿಗೇರಿತು. ಆಮೇಲೆ ಪಟ್ಟಿಯ ಗುರುತು ಹತ್ತಿತು. ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಮಾವ ಚಳಿಗಾಲವೆಲ್ಲ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ ಪಟ್ಟಿ ಅದು. ಅವನು ಸತ್ತ ಮೇಲೆ ದೆಸಾಂಕಾ ಅದನ್ನು ಹುಳು ಹಿಡಿಯದಂತೆ ಅಕ್ರೋಟಿನ ಎಲೆಗಳ ನಡುವೆ ಮಡಿಸಿಟ್ಟಿದ್ದಳು, ಯಾಸ್ನಾಳಿಗೂ ಮುಟ್ಟಗೊಡುತ್ತಿರಲಿಲ್ಲ. ಉಣ್ಣೆಗೆ ಇನ್ನೂ ಆ ಎಲೆಯ ವಾಸನೆಯಿತ್ತು. ವುಕಾಶಿನ್ ಉಣ್ಣೆ ಹರಿಯದಂತೆ ಒಂದೊಂದೇ ಮೊಳೆಯನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದ.

ನಕ್ಷೆ ಬಡಗಿಗೆ ಹೊತ್ತಿಗೆ ಸರಿಯಾಗಿ ಹೋಯಿತು.

ಔಷಧಿ ಅಂಗಡಿಯ ಕೆಲಸ ಮುಗಿಸಿ ಯಾಸ್ನಾ ಬಂದಾಗ ಊಟಕ್ಕೆ ಬಡಿಸಿಯಾಗಿತ್ತು. ತಾಯಿ ಒಲೆಯ ಕಡೆ ತಿರುಗಿದ್ದನ್ನು ನೋಡಿ ಅವಳು ಮೆಲ್ಲಗೆ ಕೇಳಿದಳು: "ಶನಿವಾರ ಎಷ್ಟೊತ್ತಿಗೆ ಹೊರಡೋದು?"

"ಆ ಕೋಣೆ ಬೇಡ," ವುಕಾಶಿನ್ ಗಟ್ಟಿಯಾಗಿಯೇ ಹೇಳಿದ. "ಕಿಟಕಿ ಎದುರಿಗೇ ಬಾಗಿಲು. ಗಾಳಿ ಹೊಡೆಯುತ್ತೆ."

"ಯಾವ ಕೋಣೆ?" ದೆಸಾಂಕಾ ಸೌಟು ಹಿಡಿದೇ ತಿರುಗಿದಳು.

ವುಕಾಶಿನ್ ಬ್ರೆಡ್ಡಿಗೆ ಕೈ ಚಾಚಿದ. ಸ್ವೆಟರು ಮೇಲೆ ಸರಿದು, ಸೊಂಟಕ್ಕೆ ಸುತ್ತಿದ್ದ ಕಂದು ಉಣ್ಣೆ ಕಾಣಿಸಿತು. ಅಂಚಿನಲ್ಲಿ ಮೊಳೆಯ ತೂತುಗಳಿದ್ದವು. ದೆಸಾಂಕಾ ಅದನ್ನು ನೋಡಿದಳು, ಮಗಳ ಮುಖ ನೋಡಿದಳು, ಮತ್ತೆ ಅದನ್ನೇ ನೋಡಿದಳು.

"ಕಟ್ಕೊಳ್ಳೋಕೂ ಬರಲ್ಲ," ಎಂದಳು. ಯಾಕೋ ದನಿ ಏಳಲಿಲ್ಲ. "ಕೆಳಗಿಳಿಸ್ಕೋ. ಸೊಂಟ ಬಿಟ್ಟು ಪಕ್ಕೆಗೆ ಹೋಗಿದೆ."

ಅವನು ಇಳಿಸಿಕೊಂಡ. ದೆಸಾಂಕಾ ಅವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಸುರಿದು, ಹೋಗಿ ಉಗ್ರಾಣದ ಬಾಗಿಲನ್ನು ಎಳೆದು ಭದ್ರವಾಗಿ ಮುಚ್ಚಿದಳು. ಹೊರಗೆ ಆ ಸಂಜೆ ಒಂದು ಎಲೆಯೂ ಅಲುಗುತ್ತಿರಲಿಲ್ಲ.